ಸರ್ಟಿಫಿಕೇಟಿಗೆ ಕಾಯಬೇಡಿ, ತರಗತಿಯಲ್ಲೇ ಶುರುಮಾಡಿ

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಂತೆ ಕೆಲವು ತಂದೆ-ತಾಯಂದಿರ ಓಡಾಟ ಶುರುವಾಗುತ್ತದೆ. ‘ಮಗನಿಗೆ ಡಿಸ್ಲೆಕ್ಸಿಯಾ ಇರಬಹುದು ಅಂತ ಟ್ಯೂಷನ್ ಮೇಡಂ ಹೇಳಿದ್ರು. ಪರೀಕ್ಷೆ ಬರೆಯೋಕೆ ಬೇರೆಯವರನ್ನ ಕೊಡ್ತಾರಂತಲ್ಲ, ಅದಕ್ಕೆ ಯಾರನ್ನ ಕೇಳ್ಬೇಕು?’ ಹೀಗೆ ಕೇಳುವ ಹೊತ್ತಿಗೆ ಜನವರಿ ಕಳೆದಿರುತ್ತದೆ. ಹುಡುಗ ಅಷ್ಟರಲ್ಲಿ ಹತ್ತು ವರ್ಷ ಶಾಲೆಯಲ್ಲಿ ಕೂತು, ದಡ್ಡ, ಸೋಮಾರಿ ಎಂಬ ಮಾತು ಕೇಳಿ ಕೇಳಿ ತಾನೂ ಅದನ್ನೇ ನಂಬಿಬಿಟ್ಟಿರುತ್ತಾನೆ. ಅವನ ಮೂರನೇ ತರಗತಿಯ ಉಕ್ತಲೇಖನದ ಪುಸ್ತಕ ತೆಗೆದು ನೋಡಿದ್ದರೆ ತೊಂದರೆ ಆಗಲೇ ಕಾಣುತ್ತಿತ್ತು.

ವಿಶೇಷ ಅಗತ್ಯವುಳ್ಳ ಮಕ್ಕಳು ಎಂದಕೂಡಲೇ ನಮಗೆ ನೆನಪಾಗುವುದು ಗಾಲಿಕುರ್ಚಿ, ಬಿಳಿ ಕೋಲು, ಶ್ರವಣಯಂತ್ರ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ನ್ಯೂನತೆಗಳಿವೆ. ಅವುಗಳಲ್ಲಿ ಎಷ್ಟೋ ನೋಡಿದಾಕ್ಷಣ ಗೊತ್ತಾಗುವಂಥವಲ್ಲ. ಕಲಿಕಾ ನ್ಯೂನತೆ, ಆಟಿಸಂ, ಸೌಮ್ಯ ಪ್ರಮಾಣದ ಬೌದ್ಧಿಕ ನ್ಯೂನತೆ, ಮಂದ ದೃಷ್ಟಿ, ಮಾತು ಮತ್ತು ಭಾಷೆಯ ತೊಂದರೆ, ಥಲಸ್ಸೇಮಿಯಾದಂಥ ರಕ್ತದ ಕಾಯಿಲೆ ಎಲ್ಲವೂ ಅದರಲ್ಲಿ ಸೇರಿವೆ. ಇಂಥ ಮಕ್ಕಳಲ್ಲಿ ಹೆಚ್ಚಿನವರು ಓದುವುದು ನಮ್ಮ ನಿಮ್ಮ ಮಕ್ಕಳ ಪಕ್ಕದ ಬೆಂಚಿನಲ್ಲಿ ಕೂತೇ.

ಅವರಿಗೆ ನೆರವಾಗುವ ಕೆಲಸದಲ್ಲಿ ಎರಡು ಭಾಗಗಳಿವೆ. ಒಂದು ತರಗತಿಯೊಳಗಿನ ಅನುಕೂಲ, ಇನ್ನೊಂದು ದಾಖಲೆ. ಪರೀಕ್ಷೆಯ ವಿನಾಯಿತಿಗೆ, ವಿದ್ಯಾರ್ಥಿವೇತನಕ್ಕೆ, ಸಾಧನ ಸಲಕರಣೆಗೆ ದಾಖಲೆ ಬೇಕು. ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸಲು, ಪ್ರಶ್ನೆಯನ್ನು ಇನ್ನೊಮ್ಮೆ ಓದಿ ಹೇಳಲು, ಉತ್ತರವನ್ನು ಬಾಯಲ್ಲಿ ಕೇಳಲು ಯಾವ ಡಾಕ್ಟರರ ಸಹಿಯೂ ಬೇಕಾಗಿಲ್ಲ. ನಮ್ಮಲ್ಲಿ ಮೊದಲನೆಯದು ಎರಡನೆಯದಕ್ಕೆ ಕಾಯುತ್ತಾ ವರ್ಷಗಳು ಹೋಗುತ್ತವೆ. ಅತಿಚಟುವಟಿಕೆಯ ಎಡಿಎಚ್‌ಡಿ ತೊಂದರೆಯಂತೂ ಆ 21ರ ಪಟ್ಟಿಯಲ್ಲೇ ಇಲ್ಲ. ಅಂಥ ಮಗುವಿಗೆ ಬೇರೆ ನ್ಯೂನತೆ ಇಲ್ಲದಿದ್ದರೆ ಪ್ರಮಾಣಪತ್ರವೇ ಸಿಗುವುದಿಲ್ಲ. ಹಾಗೆಂದು ಅದಕ್ಕೆ ನೆರವು ಬೇಡವೇ?

ಮೊದಲು ಕಣ್ಣು, ಕಿವಿ

ಮಗು ಹಿಂದೆ ಬಿದ್ದಿದೆ ಅನ್ನಿಸಿದಾಗ ಬೇರೆಲ್ಲ ಪರೀಕ್ಷೆಗಿಂತ ಮೊದಲು ಆಗಬೇಕಾದದ್ದು ಕಣ್ಣು ಮತ್ತು ಕಿವಿಯ ತಪಾಸಣೆ. ಬೋರ್ಡಿನಿಂದ ತಪ್ಪುತಪ್ಪಾಗಿ ಬರೆದುಕೊಳ್ಳುವ ಮಗುವಿಗೆ ಕನ್ನಡಕ ಬೇಕಾಗಿರಬಹುದು. ಕರೆದರೆ ತಿರುಗದ, ‘ಹಾಂ?’ ಎಂದು ಮತ್ತೆ ಮತ್ತೆ ಕೇಳುವ, ಆಗಾಗ ಕಿವಿ ಸೋರುವ ಮಗುವಿಗೆ ಪಾಠ ಅರ್ಧವೇ ಕೇಳಿಸುತ್ತಿರಬಹುದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯಕೀಯ ತಂಡ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಷಕ್ಕೊಮ್ಮೆ, ಅಂಗನವಾಡಿಗೆ ಎರಡು ಸಲ ಬರಬೇಕು. ತೊಂದರೆ ಕಂಡ ಮಕ್ಕಳನ್ನು ಅವರು ಜಿಲ್ಲಾಸ್ಪತ್ರೆಯಲ್ಲಿರುವ, ಮಕ್ಕಳ ತೊಂದರೆಯನ್ನು ಬೇಗ ಪತ್ತೆಮಾಡಿ ಚಿಕಿತ್ಸೆ ಕೊಡುವ ಡಿಇಐಸಿ ಕೇಂದ್ರಕ್ಕೆ ಕಳಿಸುತ್ತಾರೆ. ತಂಡ ಬರುವ ದಿನ ಮಗು ಶಾಲೆ ತಪ್ಪಿಸದಂತೆ ನೋಡಿಕೊಳ್ಳಿ. ಶಿಕ್ಷಕರು ಅನುಮಾನವಿರುವ ಮಕ್ಕಳ ಹೆಸರನ್ನು ಮುಂಚೆಯೇ ಬರೆದಿಟ್ಟುಕೊಂಡರೆ ನೂರಾರು ಮಕ್ಕಳ ಸಾಲಿನಲ್ಲಿ ಅವರು ತಪ್ಪಿಹೋಗುವುದಿಲ್ಲ. ಕಿವಿ ಮತ್ತು ಮಾತಿನ ತೊಂದರೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದೇಶಕ್ಕೇ ದೊಡ್ಡ ಕೇಂದ್ರ. ಮಲೆನಾಡು, ಕರಾವಳಿಯಿಂದಲೂ ಜನ ಅಲ್ಲಿಗೆ ಹೋಗುತ್ತಾರೆ.

ಇನ್ನೊಂದು ಸಂಗತಿ ಸುಲಭವಾಗಿ ತಪ್ಪಿಹೋಗುತ್ತದೆ. ಪಾಠದ ನಡುವೆ ಕೆಲವು ಸೆಕೆಂಡು ಮಗು ಎಲ್ಲೋ ನೋಡುತ್ತಾ ನಿಂತುಬಿಡುತ್ತದೆ, ಕರೆದರೂ ಓಗೊಡುವುದಿಲ್ಲ, ಆಮೇಲೆ ಏನೂ ಆಗದಂತೆ ಮುಂದುವರಿಯುತ್ತದೆ. ದಿನಕ್ಕೆ ಹಲವು ಸಲ ಹೀಗಾದರೆ ಅದು ಗಮನ ಇಲ್ಲದ್ದಲ್ಲ, ಒಂದು ಬಗೆಯ ಮೂರ್ಛೆರೋಗ ಇರಬಹುದು. ಔಷಧದಿಂದ ಹತೋಟಿಗೆ ಬರುವಂಥದ್ದು. ಫಿಟ್ಸ್ ಬಂದು ಮಗು ಬಿದ್ದರೆ ಕೈಗೆ ಬೀಗದ ಕೈ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ಹಲ್ಲಿನ ನಡುವೆ ಚಮಚ ತುರುಕುವುದು ಬೇಡ. ಸುತ್ತಲಿನ ಬೆಂಚು ಸರಿಸಿ, ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿಕೊಳ್ಳಿ. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ.

ಅಕ್ಷರದ ಹತ್ತಿರ ಎಡವುವ ಮಕ್ಕಳು

ಕಣ್ಣು, ಕಿವಿ ಸರಿ ಇದೆ. ಮಾತು ಚುರುಕು. ಕೇಳಿಸಿದ ಕಥೆಯನ್ನು ಸೊಗಸಾಗಿ ತಿರುಗಿ ಹೇಳುತ್ತಾನೆ, ಅಂಗಡಿಗೆ ಕಳಿಸಿದರೆ ಐದು ಸಾಮಾನು ನೆನಪಿಟ್ಟು ತರುತ್ತಾನೆ. ಪುಸ್ತಕ ತೆರೆದರೆ ಮಾತ್ರ ಬೆವರುತ್ತಾನೆ. ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯ ಸಾಮಾನ್ಯ ಚಿತ್ರ ಇದು. ಇದರ ಬಗ್ಗೆ ನಮಗೆ ಸಿಗುವ ಮಾಹಿತಿಯಲ್ಲಿ ಬಹುಪಾಲು ಇಂಗ್ಲಿಷ್ ಓದುವ ಮಕ್ಕಳದ್ದು. ಬಿ ಅಕ್ಷರವನ್ನು ಡಿ ಎಂದು ಬರೆಯುತ್ತಾರೆ ಎಂಬುದನ್ನೇ ಎಲ್ಲರೂ ಹೇಳುತ್ತಾರೆ. ಕನ್ನಡ ಮಾಧ್ಯಮದ ಶಿಕ್ಷಕರಿಗೆ ಅದರಿಂದ ಏನು ಪ್ರಯೋಜನ?

ಕನ್ನಡ ಲಿಪಿಯ ತೊಡಕು ಬೇರೆ ಕಡೆ ಇದೆ. ಇಲ್ಲಿ ಉಚ್ಚಾರಣೆಗೂ ಬರಹಕ್ಕೂ ಹೊಂದಿಕೆ ಚೆನ್ನಾಗಿದೆ ನಿಜ, ಆದರೆ ಕಲಿಯಬೇಕಾದ ರೂಪಗಳು ನೂರಾರು. ವರ್ಣಮಾಲೆ ಮುಗಿಯಿತು ಎನ್ನುವಷ್ಟರಲ್ಲಿ ಕಾಗುಣಿತ, ಅದು ಮುಗಿದರೆ ಒತ್ತಕ್ಷರ. ತ, ನ, ಮ, ಯ, ರ, ಲ ಅಕ್ಷರಗಳ ಒತ್ತುಗಳಂತೂ ಮೂಲ ಅಕ್ಷರವನ್ನು ಹೋಲುವುದೇ ಇಲ್ಲ. ‘ಸೂರ್ಯ’ ಎನ್ನುವಾಗ ಬಾಯಲ್ಲಿ ‘ರ್’ ಮೊದಲು ಬರುತ್ತದೆ, ಕಾಗದದ ಮೇಲೆ ಅರ್ಕಾವತ್ತು ‘ಯ’ದ ನಂತರ ಬರುತ್ತದೆ. ಕೇಳಿದ ಕ್ರಮ ಒಂದು, ಬರೆಯುವ ಕ್ರಮ ಇನ್ನೊಂದು. ಬೇರೆ ಮಕ್ಕಳು ಇದನ್ನು ಗಮನಿಸದೆಯೇ ದಾಟಿಹೋಗುತ್ತಾರೆ, ಈ ಮಗು ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ಅಂಥ ಮಗುವಿನ ಉಕ್ತಲೇಖನ ಹೇಗಿರುತ್ತದೆ ನೋಡಿ. ‘ಕತ್ತೆ’ ಅಂದರೆ ‘ಕತೆ’, ‘ಹಣ್ಣು’ ಅಂದರೆ ‘ಹಣು’, ‘ಕರ್ನಾಟಕ’ ಹೋಗಿ ‘ಕನಾಟಕ’, ‘ಮರ’ದ ಜಾಗದಲ್ಲಿ ‘ವರ’, ‘ಕಿಟಕಿ’ಗೆ ‘ಕಿಕಟಿ’. ಒತ್ತು ಬಿದ್ದುಹೋಗಿದೆ, ನೋಡಲು ಹೋಲುವ ಅಕ್ಷರ ಅದಲುಬದಲಾಗಿದೆ, ಅಕ್ಷರ ಸ್ಥಾನ ಬದಲಿಸಿದೆ. ಒಂದೇ ಪದವನ್ನು ಒಂದೇ ಪುಟದಲ್ಲಿ ಮೂರು ಬಗೆಯಾಗಿ ಬರೆದಿರುತ್ತದೆ. ಕೊನೆಯದು ಬಹಳ ಮುಖ್ಯವಾದ ಸುಳಿವು. ಕಲಿಯದೆ ತಪ್ಪು ಮಾಡುವ ಮಗು ಸಾಮಾನ್ಯವಾಗಿ ಒಂದೇ ತಪ್ಪನ್ನು ಮಾಡುತ್ತಾ ಹೋಗುತ್ತದೆ.

ಎಲ್ಲ ತಪ್ಪೂ ನ್ಯೂನತೆಯಲ್ಲ. ನಾಡಿನ ಹಲವೆಡೆ ಆಡುಮಾತಿನಲ್ಲಿ ‘ಹ’ಕಾರ ಬಿದ್ದುಹೋಗುತ್ತದೆ; ‘ಹಾಲು’ ಬದಲು ‘ಆಲು’ ಬರೆದ ಮಗು ತನ್ನ ಮನೆಯ ಮಾತನ್ನು ಬರೆದಿದೆ, ಅಷ್ಟೆ. ಮಹಾಪ್ರಾಣ ತಪ್ಪುವುದೂ ಹಾಗೆಯೇ. ಮನೆಯಲ್ಲಿ ಲಂಬಾಣಿ, ಉರ್ದು, ತುಳು, ಕೊಂಕಣಿ, ತೆಲುಗು ಆಡುವ ಮಗುವಿಗೆ ಕನ್ನಡವೇ ಹೊಸದಾಗಿರಬಹುದು. ಅಲ್ಲದೆ ಕನ್ನಡ ಅಕ್ಷರ ಪೂರ್ತಿ ಕೈಗೂಡಲು ಎಲ್ಲ ಮಕ್ಕಳಿಗೂ ಕಾಲ ಬೇಕು. ಬೆಂಗಳೂರಿನಲ್ಲಿ ಕನ್ನಡ ಓದಿನ ಕಲಿಕೆಯನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ ಈ ಕಲಿಕೆ ಮೂರು, ನಾಲ್ಕನೇ ತರಗತಿಯವರೆಗೂ ನಡೆಯುತ್ತಿರುತ್ತದೆ. ಒಂದನೇ ಕ್ಲಾಸಿನ ಮಗು ಒತ್ತಕ್ಷರ ಬರೆಯಲಿಲ್ಲವೆಂದು ಡಿಸ್ಲೆಕ್ಸಿಯಾ ಎನ್ನುವುದು ದುಡುಕು. ನಾಲ್ಕನೇ ತರಗತಿಯಲ್ಲೂ ಕಾಗುಣಿತದಲ್ಲೇ ತಡವರಿಸುವ ಮಗುವನ್ನು ‘ಬರುತ್ತೆ ಬಿಡಿ’ ಎಂದು ಬಿಡುವುದು ಅಷ್ಟೇ ದೊಡ್ಡ ತಪ್ಪು.

ಸರ್ಕಾರಿ ಶಾಲೆಗಳಲ್ಲಿ ಈ ನಾಲ್ಕನೇ ತರಗತಿಗೆ ಇನ್ನೊಂದು ಕಾರಣಕ್ಕೆ ಮಹತ್ವವಿದೆ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಚಿಗುರಿದ ನಲಿ-ಕಲಿ ಬೋಧನಾ ಪದ್ಧತಿ ಈಗ ಮೂರನೇ ತರಗತಿಯವರೆಗೆ ಇದೆ. ಅಲ್ಲಿ ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ, ಕಾರ್ಡು ಹಿಡಿದು ಗುಂಪಿನಲ್ಲಿ ಕಲಿಯುತ್ತದೆ. ವಿಶೇಷ ಅಗತ್ಯವುಳ್ಳ ಮಗುವಿಗೆ ಇದಕ್ಕಿಂತ ಒಳ್ಳೆಯ ಪದ್ಧತಿ ಬೇರೆ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ನಾಲ್ಕಕ್ಕೆ ಬಂದಕೂಡಲೇ ಪಠ್ಯಪುಸ್ತಕ, ಬೋರ್ಡು, ನೋಟ್ಸು ಎಲ್ಲರಿಗೂ ಒಂದೇ ಆಗುತ್ತದೆ. ಅಲ್ಲಿಯವರೆಗೆ ಹೇಗೋ ನಡೆದುಕೊಂಡು ಬಂದ ಮಗು ಜೂನ್ ತಿಂಗಳಲ್ಲೇ ಕುಸಿಯುತ್ತದೆ. ಮೂರನೇ ತರಗತಿಯ ಶಿಕ್ಷಕರು ಮಗು ಯಾವ ಮೆಟ್ಟಿಲಿನಲ್ಲಿದೆ, ಯಾವುದರಿಂದ ಕಲಿಯುತ್ತದೆ ಎಂದು ಅರ್ಧ ಪುಟ ಬರೆದು ನಾಲ್ಕನೆಯವರ ಕೈಗೆ ಕೊಟ್ಟರೆ ಎಷ್ಟೋ ಅನುಕೂಲ.

ತರಗತಿಯೊಳಗೆ

ನಲವತ್ತು ಮಕ್ಕಳಿರುವ ಕ್ಲಾಸಿನಲ್ಲಿ ಒಬ್ಬನಿಗೆ ಬೇರೆ ಪಾಠ ಮಾಡುವುದು ಹೇಗೆ ಎಂದು ಶಿಕ್ಷಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಪಾಠ ಬೇರೆಯಾಗಬೇಕಿಲ್ಲ, ಪಾಠಕ್ಕೆ ಹೋಗುವ ದಾರಿ ಮತ್ತು ಗುರಿ ಸ್ವಲ್ಪ ಬದಲಾದರೆ ಸಾಕು.

ಓದಲು ಕಷ್ಟಪಡುವ ಮಗುವನ್ನು ಇಡೀ ಕ್ಲಾಸಿನ ಮುಂದೆ ಎಬ್ಬಿಸಿ ನಿಲ್ಲಿಸಿ ಓದಿಸಬೇಡಿ. ಓದಿಸಲೇಬೇಕೆಂದಿದ್ದರೆ ನಾಳೆ ಓದುವ ನಾಲ್ಕು ಸಾಲನ್ನು ಇವತ್ತೇ ತೋರಿಸಿ ಕಳಿಸಿ. ರಟ್ಟಿನ ತುಂಡಿನಲ್ಲಿ ಒಂದು ಸಾಲಿನಷ್ಟು ಕಿಂಡಿ ಕತ್ತರಿಸಿ ಪುಸ್ತಕದ ಮೇಲಿಟ್ಟರೆ ಕಣ್ಣು ಬೇರೆ ಸಾಲಿಗೆ ಜಾರುವುದಿಲ್ಲ, ಖರ್ಚಿಲ್ಲದ ಉಪಾಯ. ಒತ್ತಕ್ಷರವನ್ನು ಬೇರೆ ಬಣ್ಣದಲ್ಲಿ ಬರೆಯಿರಿ. ‘ಹಣ್ಣು’ ಪದವನ್ನು ಹೇಳಿಸಿ, ಚಪ್ಪಾಳೆಯಲ್ಲಿ ಬಿಡಿಸಿ, ‘ಣ್ಣು’ ಒಳಗೆ ಏನೇನು ಸದ್ದಿದೆ ಎಂದು ಕೇಳಿ, ಮರಳಿನಲ್ಲೋ ಸ್ಲೇಟಿನಲ್ಲೋ ಬೆರಳಾಡಿಸಿ ಬರೆಸಿ. ದಿನಕ್ಕೆ ಹತ್ತು ನಿಮಿಷ ಹೀಗೆ ಮಾಡಿದ್ದು ‘ನೂರು ಸಲ ಬರಕೊಂಡು ಬಾ’ ಎನ್ನುವ ಶಿಕ್ಷೆಗಿಂತ ಹೆಚ್ಚು ಕಲಿಸುತ್ತದೆ. ತಪ್ಪಾದ ಪದವನ್ನು ನೂರು ಸಲ ಬರೆದ ಮಗು ಕಲಿಯುವುದು ಬರಹದ ಮೇಲಿನ ಹೇಸಿಗೆಯನ್ನು ಮಾತ್ರ. ಬೋರ್ಡಿನಿಂದ ನೋಟ್ಸ್ ಬರೆದುಕೊಳ್ಳುವುದರಲ್ಲೇ ಅದರ ಪೀರಿಯಡ್ ಮುಗಿದುಹೋಗುತ್ತಿದ್ದರೆ ಜೊತೆಯವರ ನೋಟ್ಸಿನ ಜೆರಾಕ್ಸ್ ಕೊಡಿ. ವಿಜ್ಞಾನ, ಸಮಾಜದ ಉತ್ತರಪತ್ರಿಕೆಯಲ್ಲಿ ವಿಷಯ ಸರಿಯಿದ್ದರೆ ಕಾಗುಣಿತಕ್ಕೆ ಅಂಕ ಕಳೆಯಬೇಡಿ. ಕಿರುಪರೀಕ್ಷೆಯಲ್ಲಿ ಪ್ರಶ್ನೆಯನ್ನು ಓದಿ ಹೇಳಿ, ಉತ್ತರವನ್ನು ಬಾಯಲ್ಲಿ ಕೇಳಿ. ಅದಕ್ಕೆ ಏನು ಗೊತ್ತಿದೆ ಎಂಬುದು ಆಗ ನಿಮಗೂ ತಿಳಿಯುತ್ತದೆ.

ಬೌದ್ಧಿಕ ನ್ಯೂನತೆ ಇರುವ ಮಗುವಿಗೆ ಬದಲಿಸಬೇಕಾದದ್ದು ಗುರಿ. ಐದನೇ ತರಗತಿಯಲ್ಲಿ ಹಣದ ಲೆಕ್ಕ ನಡೆಯುತ್ತಿದೆ ಎಂದುಕೊಳ್ಳಿ. ಉಳಿದವರು ಬಿಲ್ ತಯಾರಿಸಿ ಚಿಲ್ಲರೆ ಲೆಕ್ಕ ಹಾಕುತ್ತಾರೆ. ಬೌದ್ಧಿಕ ನ್ಯೂನತೆಯ ಹುಡುಗಿ ಅದೇ ಗುಂಪಿನಲ್ಲಿ ಅಂಗಡಿಯವಳಾಗುತ್ತಾಳೆ. 10, 20, 50ರ ನೋಟು ಗುರುತಿಸಿ ಬೇರೆ ಬೇರೆ ಇಡುವುದು, ‘ಮೂವತ್ತು ಕೊಡಿ’ ಎಂದಾಗ ಎತ್ತಿಕೊಡುವುದು ಅವಳ ಪಾಠ. ಮೂರು ತಿಂಗಳಲ್ಲಿ ಅವಳು ಏನು ಕಲಿಯಬೇಕು ಎಂದು ಬರೆದಿಟ್ಟುಕೊಳ್ಳುವುದೇ ವೈಯಕ್ತಿಕ ಶಿಕ್ಷಣ ಯೋಜನೆ. ಹೆಸರು ದೊಡ್ಡದು, ಕೆಲಸ ಒಂದು ಪುಟದ್ದು. ‘ಗಣಿತ ಸುಧಾರಿಸುವುದು’ ಎಂದು ಬರೆದರೆ ಅದು ಯೋಜನೆಯಲ್ಲ. ‘20ರವರೆಗೆ ವಸ್ತು ಎಣಿಸಿ ಕೊಡುವುದು, ನೋಟು ಗುರುತಿಸುವುದು’ ಎಂದು ಬರೆದರೆ ಆಗಿದೆಯೋ ಇಲ್ಲವೋ ಯಾರು ಬೇಕಾದರೂ ನೋಡಬಹುದು.

ಕಿವಿ ಮಂದವಿರುವ ಮಗುವನ್ನು ಮುಂದೆ ಕೂರಿಸಿದರೆ ಸಾಲದು. ಯಾವ ಕಿವಿ ಚೆನ್ನಾಗಿದೆಯೋ ಆ ಕಿವಿ ಶಿಕ್ಷಕರ ಕಡೆಗಿರಬೇಕು. ಬೋರ್ಡಿನ ಕಡೆ ತಿರುಗಿ ಮಾತಾಡಿದರೆ ಮಗುವಿಗೆ ನಿಮ್ಮ ಬಾಯಿ ಕಾಣುವುದಿಲ್ಲ. ತುಟಿಯ ಮೇಲೆ ಪ, ಬ, ಮ ಮೂರೂ ಒಂದೇ ರೀತಿ ಕಾಣುತ್ತವೆ, ಆದ್ದರಿಂದ ಪಾಠದ ಮುಖ್ಯ ಪದಗಳನ್ನು ಬೋರ್ಡಿನ ಮೂಲೆಯಲ್ಲಿ ಬರೆದೇ ಶುರುಮಾಡುವುದು ಒಳ್ಳೆಯದು. ಮಂದ ದೃಷ್ಟಿಯ ಮಗುವಿಗೆ ಕಿಟಕಿಯ ಬೆಳಕು ಬೆನ್ನ ಹಿಂದಿನಿಂದ ಬರಲಿ, ಬೋರ್ಡಿನಲ್ಲಿ ಬರೆದದ್ದನ್ನೆಲ್ಲ ಬಾಯಲ್ಲೂ ಹೇಳಿ. ಪೂರ್ತಿ ಕಾಣದ ಮಕ್ಕಳಿಗೆ ಕನ್ನಡ ಬ್ರೈಲ್ ಇದೆ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಕಂಪ್ಯೂಟರಿನಲ್ಲಿ ಕನ್ನಡವನ್ನು ಓದಿ ಹೇಳುತ್ತದೆ. ಹೈಸ್ಕೂಲಿಗೆ ಬರುವಷ್ಟರಲ್ಲಿ ಅದರ ಅಭ್ಯಾಸ ಆಗಿದ್ದರೆ ಕಾಲೇಜಿನ ದಾರಿ ಸಲೀಸು.

ಆಟಿಸಂ ಇರುವ ಮಗುವಿಗೆ ಪಾಠಕ್ಕಿಂತ ಶಾಲೆಯ ಗದ್ದಲವೇ ದೊಡ್ಡ ಸಮಸ್ಯೆ. ಪ್ರಾರ್ಥನೆಯ ಮೈಕು, ತಟ್ಟನೆ ಬಾರಿಸುವ ಗಂಟೆ, ಬಿಸಿಯೂಟದ ಹೊತ್ತಿನ ತಟ್ಟೆಗಳ ಸದ್ದು. ಕಿವಿ ಮುಚ್ಚಿಕೊಂಡು ಕಿರುಚಿದರೆ ಅದು ಹಟವಲ್ಲ. ಸಾಲಿನ ಕೊನೆಯಲ್ಲಿ ನಿಲ್ಲಿಸಿ, ಊಟಕ್ಕೆ ಐದು ನಿಮಿಷ ಮುಂಚೆ ಕಳಿಸಿ, ಈಗ ಗಣಿತ ಆಮೇಲೆ ಆಟ ಎಂಬುದನ್ನು ಚಿತ್ರದಲ್ಲಿ ಬರೆದು ಡೆಸ್ಕಿಗೆ ಅಂಟಿಸಿ. ‘ಸ್ವಲ್ಪ ಹೊತ್ತು ಸುಮ್ಮನಿರು’ ಎಂಬುದಕ್ಕಿಂತ ‘ಈ ಮುಳ್ಳು ಆರಕ್ಕೆ ಬರುವವರೆಗೆ ಕೂತಿರು’ ಎಂಬುದು ಅದಕ್ಕೆ ಅರ್ಥವಾಗುತ್ತದೆ. ಒಂದೆಡೆ ಕೂರಲಾಗದ ಅತಿಚಟುವಟಿಕೆಯ ಹುಡುಗನಿಗೆ ಏಳಲು ನೀವೇ ಕಾರಣ ಕೊಡಿ: ಪುಸ್ತಕ ಹಂಚಲಿ, ಸೀಮೆಸುಣ್ಣ ತರಲಿ. ಹತ್ತು ಲೆಕ್ಕ ಒಟ್ಟಿಗೆ ಕೊಡುವ ಬದಲು ಮೂರು ಮೂರಾಗಿ ಕೊಡಿ.

ನಡೆಯಲು ತೊಂದರೆ ಇರುವ ಮಕ್ಕಳ ವಿಷಯದಲ್ಲಿ ರ‍್ಯಾಂಪ್ ಕಟ್ಟಿದರೆ ಕೆಲಸ ಮುಗಿಯಿತು ಎಂಬ ಭಾವನೆ ಇದೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕು. ಅದಕ್ಕಿಂತ ಕಡಿದಾದರೆ ಗಾಲಿಕುರ್ಚಿ ಹತ್ತುವುದಿಲ್ಲ, ಇಳಿಯುವಾಗ ಅಪಾಯ. ನಿಜವಾದ ಪ್ರಶ್ನೆ ಶೌಚಾಲಯದ್ದು. ಬಾಗಿಲಿನ ಅಗಲ, ಹಿಡಿದುಕೊಳ್ಳುವ ಕಂಬಿ, ಒಳಗೆ ನೀರು ಇಲ್ಲದಿದ್ದರೆ ಮಗು ಬೆಳಗಿನಿಂದ ನೀರು ಕುಡಿಯದೆ ಕೂರುತ್ತದೆ. ಹುಡುಗಿಯರು ದೊಡ್ಡವರಾದ ಮೇಲೆ ಶಾಲೆ ಬಿಡುವುದೂ ಎಷ್ಟೋ ಸಲ ಇದೇ ಕಾರಣಕ್ಕೆ. ಮೇಲಿನ ಮಹಡಿಯಲ್ಲಿರುವ ತರಗತಿಯನ್ನು ಆ ವರ್ಷದ ಮಟ್ಟಿಗೆ ಕೆಳಗೆ ತರುವುದಕ್ಕೆ ಯಾವ ಅನುದಾನವೂ ಬೇಡ.

ಸಹಪಾಠಿಗಳ ಬಗ್ಗೆ ಒಂದು ಮಾತು. ನೆರವಿಗೆ ಒಬ್ಬ ಗೆಳೆಯನನ್ನು ಜೊತೆ ಮಾಡುವುದು ಒಳ್ಳೆಯದೇ. ಆದರೆ ವರ್ಷವಿಡೀ ಅದೇ ಜಾಣ ಹುಡುಗಿಯ ಮೇಲೆ ಆ ಹೊಣೆ ಹೊರಿಸಬಾರದು, ಅದೇ ಶಾಲೆಯಲ್ಲಿ ಓದುವ ಅಕ್ಕನ ಮೇಲೂ ಹೊರಿಸಬಾರದು. ವಾರಕ್ಕೊಬ್ಬರಂತೆ ಬದಲಿಸಿ. ವಿಶೇಷ ಮಗುವಿಗೂ ಕ್ಲಾಸಿನಲ್ಲಿ ಇನ್ನೊಬ್ಬರಿಗೆ ಸಹಾಯ ಮಾಡುವ ಒಂದು ಕೆಲಸ ಇರಲಿ. ಸದಾ ಪಡೆಯುವವನಾಗಿಯೇ ಇರುವುದು ಯಾರಿಗೂ ಹಿತವಲ್ಲ.

ಯಾರನ್ನು ಕೇಳಬೇಕು

ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರ, ಅಂದರೆ ಎಲ್ಲರೂ ಬಿಆರ್‌ಸಿ ಎನ್ನುವ ಕಚೇರಿಯಲ್ಲಿ ಬಿಐಇಆರ್‌ಟಿ ಎಂಬ ವಿಶೇಷ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ಮಗುವನ್ನು ನೋಡಿ, ತಪಾಸಣಾ ಶಿಬಿರಕ್ಕೆ ಕರೆಸಿ, ತರಗತಿ ಶಿಕ್ಷಕರಿಗೆ ದಾರಿ ತೋರಿಸುವುದು ಅವರ ಕೆಲಸ. ಶ್ರವಣಯಂತ್ರ, ಕ್ಯಾಲಿಪರ್, ಗಾಲಿಕುರ್ಚಿಯಂಥ ಸಾಧನಗಳು, ಬೆಂಗಾವಲು ಮತ್ತು ಸಾರಿಗೆ ಭತ್ಯೆ, ಹೆಣ್ಣುಮಕ್ಕಳಿಗೆ ಪ್ರೋತ್ಸಾಹಧನ ಎಲ್ಲವೂ ಸಮಗ್ರ ಶಿಕ್ಷಣ ಯೋಜನೆಯಲ್ಲಿವೆ. ಶಾಲೆಗೆ ಬರಲಾಗದಷ್ಟು ತೀವ್ರ ತೊಂದರೆ ಇರುವ ಮಗುವಿಗೆ ಗೃಹಾಧಾರಿತ ಶಿಕ್ಷಣವಿದೆ. ಅದು ಆ ಮಗುವಿನ ಆಯ್ಕೆಯ ಹಕ್ಕು ಎಂದು ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ಹೇಳುತ್ತದೆ. ಶಾಲೆಗೆ ಬರಬಲ್ಲ ಮಗುವನ್ನು ಮನೆಯಲ್ಲೇ ಉಳಿಸಲು ಅದನ್ನು ನೆಪ ಮಾಡುವಂತಿಲ್ಲ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿಆರ್‌ಡಬ್ಲ್ಯು, ಅರ್ಜಿ ಕಾಗದಪತ್ರಗಳಿಗೆ ಸಹಾಯ ಮಾಡುತ್ತಾರೆ. ಎನ್‌ಸಿಇಆರ್‌ಟಿ 2022ರಲ್ಲಿ ಹೊರತಂದ ‘ಪ್ರಶಸ್ತ್’ ಆ್ಯಪ್‌ನಲ್ಲಿ ಶಿಕ್ಷಕರು ಪ್ರಾಥಮಿಕ ತಪಾಸಣೆ ತಾವೇ ಮಾಡಬಹುದು. ಅದು ಸುಳಿವು ಕೊಡುತ್ತದೆಯೇ ಹೊರತು ರೋಗನಿರ್ಣಯವಲ್ಲ.

ಬಾಯಲ್ಲಿ ಕೇಳಿದ್ದು ಮರೆತುಹೋಗುತ್ತದೆ. ಮುಖ್ಯೋಪಾಧ್ಯಾಯರಿಗೆ ಒಂದು ಪತ್ರ ಬರೆಯಿರಿ, ಇಷ್ಟು ಸಾಕು:

‘ಮಾನ್ಯರೇ, ನನ್ನ ಮಗಳು ತಮ್ಮ ಶಾಲೆಯ ನಾಲ್ಕನೇ ತರಗತಿಯಲ್ಲಿ ಓದುತ್ತಿದ್ದಾಳೆ. ಕೇಳಿದ್ದಕ್ಕೆ ಬಾಯಲ್ಲಿ ಸರಿಯಾಗಿ ಉತ್ತರಿಸುತ್ತಾಳೆ, ಓದು ಬರಹದಲ್ಲಿ ತುಂಬ ಕಷ್ಟಪಡುತ್ತಾಳೆ. ದಯವಿಟ್ಟು ಬಿಐಇಆರ್‌ಟಿಯವರಿಂದ ಪರಿಶೀಲನೆ ಮಾಡಿಸಿಕೊಡಿ. ಅಲ್ಲಿಯವರೆಗೆ ಪ್ರಶ್ನೆಗಳನ್ನು ಓದಿ ಹೇಳುವುದು, ಬೋರ್ಡಿನ ನೋಟ್ಸಿನ ಪ್ರತಿ ಕೊಡುವುದು, ಎಲ್ಲರ ಮುಂದೆ ಗಟ್ಟಿಯಾಗಿ ಓದಿಸದಿರುವುದು ಈ ಮೂರು ಅನುಕೂಲ ಮಾಡಿಕೊಡಬೇಕೆಂದು ಕೋರುತ್ತೇನೆ.’

ದಿನಾಂಕ ಹಾಕಿ, ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಜೊತೆಗೆ ಎರಡು ಮೂರು ಪುಟ ಉಕ್ತಲೇಖನದ ಜೆರಾಕ್ಸ್ ಇಡಿ. ಮೇಷ್ಟ್ರನ್ನು ದೂರಲು ಬಂದಿದ್ದೀರಿ ಅನ್ನಿಸದಂತೆ ಮಾತಾಡಿ. ‘ಮನೇಲಿ ಹೀಗೆ ಹೇಳಿಕೊಟ್ರೆ ಕಲೀತಾಳೆ ಸರ್, ನಿಮ್ಮ ಕ್ಲಾಸಲ್ಲಿ ಹೇಗಿರ್ತಾಳೆ?’ ಎಂದು ಶುರುಮಾಡಿದ ಮಾತು ಮುಂದೆ ಹೋಗುತ್ತದೆ.

ಪ್ರಮಾಣಪತ್ರ

ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಆಧಾರ್, ಫೋಟೊ, ಇದ್ದರೆ ಹಳೆಯ ವೈದ್ಯಕೀಯ ದಾಖಲೆ ಜೊತೆಗಿರಲಿ. ನಂತರ ನಿಗದಿಯಾದ ಆಸ್ಪತ್ರೆಯಲ್ಲಿ ತಪಾಸಣೆ. ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ನ್ಯೂನತೆ ಇದ್ದರೆ ಹೆಚ್ಚಿನ ಸೌಲಭ್ಯಗಳು ಸಿಗುತ್ತವೆ. 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಅಥವಾ ತಮಗೆ ಬೇಕಾದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕೂ ಇದರಲ್ಲಿ ಸೇರಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಮತ್ತು ಬಹುವಿಧ ನ್ಯೂನತೆ ಇರುವವರಿಗೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಖರ್ಚು ಭರಿಸುತ್ತದೆ.

ಕಲಿಕಾ ನ್ಯೂನತೆಯ ದಾರಿ ಸ್ವಲ್ಪ ಬೇರೆ. ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ ಎಂಟು ವರ್ಷ ತುಂಬಿದ ಮೇಲಷ್ಟೇ ಪ್ರಮಾಣಪತ್ರ. ಬುದ್ಧಿಮತ್ತೆಯ ಪರೀಕ್ಷೆ ಮೊದಲು, ಆಮೇಲೆ ಓದು, ಬರಹ, ಗಣಿತದ ಪರೀಕ್ಷೆ. ಈ ಎರಡನೆಯದಕ್ಕೆ ದೇಶವಿಡೀ ಬಳಕೆಯಾಗುವ ಪರೀಕ್ಷಾ ಸರಣಿ ರೂಪುಗೊಂಡದ್ದು ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ. ಅಲ್ಲಿಗೆ ಹೋಗುವಾಗ ಮಗುವಿನ ನೋಟ್‌ಬುಕ್, ಅಂಕಪಟ್ಟಿ, ತರಗತಿ ಶಿಕ್ಷಕರ ಪತ್ರ ತೆಗೆದುಕೊಂಡು ಹೋಗಿ. ಉತ್ತರ ಕರ್ನಾಟಕದವರು ಧಾರವಾಡದ ಡಿಮ್ಹಾನ್ಸ್‌ನಲ್ಲಿ ವಿಚಾರಿಸಬಹುದು. ಖಾಸಗಿಯಾಗಿ ಪರೀಕ್ಷೆ ಮಾಡಿಸುವುದಾದರೆ ಆ ಮನಶ್ಶಾಸ್ತ್ರಜ್ಞರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೇ ಎಂದು ಮೊದಲು ಕೇಳಿ. ‘ಮೂರು ತಿಂಗಳಲ್ಲಿ ಡಿಸ್ಲೆಕ್ಸಿಯಾ ವಾಸಿ’ ಎಂದು ಜಾಹೀರಾತು ಕೊಡುವವರ ಹತ್ತಿರ ಹೋಗಬೇಡಿ. ಇದು ವಾಸಿ ಮಾಡುವ ಕಾಯಿಲೆಯಲ್ಲ. ಸರಿಯಾದ ಬೋಧನೆಯಿಂದ ಮಗು ಓದಲು ಕಲಿಯುತ್ತದೆ, ನಿಧಾನವಾಗಿ ಕಲಿಯುತ್ತದೆ.

ಎಸ್ಸೆಸ್ಸೆಲ್ಸಿಗೆ ಮುನ್ನ

ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ನ್ಯೂನತೆಯ ಬಗೆಗೆ ತಕ್ಕಂತೆ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು, ಭಾಷಾ ವಿಷಯದಲ್ಲಿ ವಿನಾಯಿತಿ, ಕೆಲವು ವಿಷಯಗಳಿಗೆ ಬದಲಿ ವಿಷಯ ಇವನ್ನೆಲ್ಲ ಕೊಡುತ್ತದೆ. ಪರೀಕ್ಷೆ ಕುರಿತ ಕೇಂದ್ರದ ಮಾರ್ಗಸೂಚಿಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಎಂದಿದೆ. ಬರೆಯಲು ಸಹಾಯಕರು ಶೇ 40 ನ್ಯೂನತೆ ಇದ್ದವರಿಗೆ ಮಾತ್ರ ಎಂಬ ವಾದವನ್ನು ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ತಳ್ಳಿಹಾಕಿದೆ. ಅರ್ಜಿ ಹೋಗಬೇಕಾದದ್ದು ಮುಖ್ಯೋಪಾಧ್ಯಾಯರ ಮೂಲಕ. ಎಂಟನೇ ತರಗತಿಯಲ್ಲಿ ದಾಖಲೆ ಕೈಯಲ್ಲಿದ್ದರೆ ಒಂಬತ್ತರಲ್ಲಿ ಅಭ್ಯಾಸಕ್ಕೆ ಸಮಯ ಸಿಗುತ್ತದೆ. ಅಭ್ಯಾಸ ಯಾಕೆಂದರೆ, ಉತ್ತರವನ್ನು ಇನ್ನೊಬ್ಬರಿಗೆ ಹೇಳಿ ಬರೆಸುವುದೂ ಒಂದು ವಿದ್ಯೆ. ಎಲ್ಲಿ ಹೊಸ ಸಾಲು, ಎಲ್ಲಿ ಗೆರೆ ಎಳೆಯಬೇಕು ಎಂಬುದನ್ನೆಲ್ಲ ಹೇಳಬೇಕಾಗುತ್ತದೆ. ಪರೀಕ್ಷಾ ಕೊಠಡಿಯಲ್ಲಿ ಮೊದಲ ಸಲ ಭೇಟಿಯಾದರೆ ಇಬ್ಬರೂ ತಬ್ಬಿಬ್ಬಾಗುತ್ತಾರೆ.

ಗಣಿತ, ವಿಜ್ಞಾನ ಬಿಟ್ಟು ಬದಲಿ ವಿಷಯ ತೆಗೆದುಕೊಳ್ಳುವ ಮುನ್ನ ಮಗುವಿನ ಜೊತೆ ಕೂತು ಮಾತಾಡಿ. ಮುಂದೆ ಪಿಯುಸಿಯಲ್ಲಿ ವಿಜ್ಞಾನ ಓದುವ ಆಸೆಯಿದ್ದರೆ ಆ ದಾರಿ ಕಿರಿದಾಗುತ್ತದೆ. ವಿನಾಯಿತಿ ಇದೆ ಎಂಬ ಒಂದೇ ಕಾರಣಕ್ಕೆ ಎಲ್ಲವನ್ನೂ ತೆಗೆದುಕೊಳ್ಳುವುದು ಬೇಡ. ಮಂಡಳಿಯ ಪರೀಕ್ಷೆ ಹೇಗೂ ಆಗದು ಅನ್ನಿಸಿದರೆ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ವಿಷಯಗಳನ್ನು ಬೇರೆ ಬೇರೆ ಸಲ ಬರೆದು ಮುಗಿಸುವ ಅವಕಾಶವಿದೆ.

‘ನಮ್ಮಲ್ಲಿ ಸೌಲಭ್ಯ ಇಲ್ಲ’

ಖಾಸಗಿ ಶಾಲೆಗಳಲ್ಲಿ ಈ ಮಾತು ಹೆಚ್ಚು. ಮಾನ್ಯತೆ ಪಡೆದ ಯಾವ ಶಾಲೆಯೂ ನ್ಯೂನತೆಯ ಕಾರಣಕ್ಕೆ ಸೀಟು ನಿರಾಕರಿಸುವಂತಿಲ್ಲ ಎಂದು 2016ರ ಕಾಯ್ದೆಯ 16ನೇ ಸೆಕ್ಷನ್ ಹೇಳುತ್ತದೆ. ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಕ್ರಮ ತೆಗೆದುಕೊಳ್ಳುವುದನ್ನೂ ಅದೇ ಸೆಕ್ಷನ್ ಶಾಲೆಯ ಹೊಣೆ ಎಂದಿದೆ. ‘ಬೇಡ’ ಎಂದರೆ ಅದನ್ನು ಬರಹದಲ್ಲಿ ಕೇಳಿ. ಬರಹದಲ್ಲಿ ಕೊಡಲು ಯಾರೂ ಮುಂದೆ ಬರುವುದಿಲ್ಲ, ಎಷ್ಟೋ ಸಲ ಮಾತು ಅಲ್ಲೇ ಬದಲಾಗುತ್ತದೆ. ಆಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ, ನಂತರ ಉಪನಿರ್ದೇಶಕರು, ನಂತರ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಮತ್ತು ವಿಕಲಚೇತನರ ಅಧಿನಿಯಮದ ರಾಜ್ಯ ಆಯುಕ್ತರು.

ಬೆಂಗಳೂರಿನಂಥ ಕಡೆ ಮಗುವಿನ ಪಕ್ಕದಲ್ಲೇ ಕೂರುವ ಶ್ಯಾಡೋ ಟೀಚರ್ ಇಟ್ಟುಕೊಂಡು ಬನ್ನಿ, ಸಂಬಳ ನೀವೇ ಕೊಡಿ ಎನ್ನುವ ಶಾಲೆಗಳಿವೆ. ಕೆಲವು ಮಕ್ಕಳಿಗೆ ಮೊದಲಿಗೆ ಪಕ್ಕದಲ್ಲಿ ಒಬ್ಬರು ಬೇಕಾಗುತ್ತಾರೆ, ನಿಜ. ವರ್ಷಗಟ್ಟಲೆ ಹಾಗೆಯೇ ಇದ್ದರೆ ಮಗು ಕ್ಲಾಸ್ ಟೀಚರಿನ ಮಾತನ್ನು ಕೇಳುವುದೇ ಇಲ್ಲ, ಟೀಚರೂ ಅದನ್ನು ತನ್ನ ವಿದ್ಯಾರ್ಥಿ ಅಂದುಕೊಳ್ಳುವುದಿಲ್ಲ. ಎಷ್ಟು ತಿಂಗಳಲ್ಲಿ ಶ್ಯಾಡೋ ಟೀಚರ್ ದೂರ ಸರಿಯಬೇಕು ಎಂಬುದನ್ನು ಮೊದಲ ದಿನವೇ ಮಾತಾಡಿಕೊಳ್ಳಿ.

ಸರ್ಕಾರದ ಕಡೆಯ ಬಾಕಿಯೂ ದೊಡ್ಡದಿದೆ. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ಕೊಟ್ಟ ತೀರ್ಪಿನ ನಂತರ ಕೇಂದ್ರ ಸರ್ಕಾರ 2022ರಲ್ಲಿ ಅಧಿಸೂಚನೆ ಹೊರಡಿಸಿತು: ಐದನೇ ತರಗತಿಯವರೆಗೆ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೆ, ಆರರಿಂದ ಎಂಟರವರೆಗೆ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಇರಬೇಕು. ಹುದ್ದೆಗಳನ್ನು ಸೃಷ್ಟಿಸಿ ಭರ್ತಿ ಮಾಡುವಂತೆ 2025ರ ಮಾರ್ಚ್‌ನಲ್ಲಿ ಅದೇ ನ್ಯಾಯಾಲಯ ರಾಜ್ಯಗಳಿಗೆ ಮತ್ತೆ ಸೂಚಿಸಬೇಕಾಯಿತು. ಒಬ್ಬ ಬಿಐಇಆರ್‌ಟಿ ಹತ್ತಾರು ಶಾಲೆ ಸುತ್ತುವ ವ್ಯವಸ್ಥೆಯಲ್ಲಿ ಮಗುವಿಗೆ ಸಿಗುವುದು ತಿಂಗಳಲ್ಲಿ ಕೆಲವು ಗಂಟೆ ಮಾತ್ರ.

ನೀವು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ ಸದಸ್ಯರಾಗಿದ್ದರೆ ಅಥವಾ ಸದಸ್ಯರ ಪರಿಚಯವಿದ್ದರೆ ಮುಂದಿನ ಸಭೆಯಲ್ಲಿ ಮೂರು ವಿಷಯ ಎತ್ತಿ. ನಮ್ಮ ಶಾಲೆಯಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳು ಎಷ್ಟು, ಬಿಐಇಆರ್‌ಟಿ ಕೊನೆಯ ಸಲ ಯಾವತ್ತು ಬಂದಿದ್ದರು, ಶೌಚಾಲಯವನ್ನು ಆ ಮಕ್ಕಳು ಬಳಸಬಲ್ಲರೇ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ವಿಶೇಷ ಶಿಕ್ಷಕರು ಬೇಕೆಂಬ ಠರಾವಿನ ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗೆ ಕಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ.